ಗಂಟಿನೊಳಗಿನ ಕೂಸು

ಇಸ್ತ್ರಿ ಅಕ್ಕನ ಬಲಗೈ ಎಡಗೈಗಿಂತ ದಪ್ಪ. ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ನಿಂತು, ಊರಿನ ಲಾಡ್ಜುಗಳ ಬೆಡ್‌ಶೀಟು, ದಿಂಬಿನ ಚೀಲ, ಟವೆಲುಗಳ ಮೇಲೆ ಅರ್ಧ ಆಯುಸ್ಸು ಇಸ್ತ್ರಿಪೆಟ್ಟಿಗೆ ಓಡಿಸಿದ ಕೈ ಅದು. ದರ್ಜಿಯ ಹತ್ತಿರ ಹೋದರೆ ಎರಡು ತೋಳಿಗೂ ಬೇರೆ ಬೇರೆ ಅಳತೆ ಕೊಡಬೇಕು. "ಒಂದು ತೋಳು ನಿಮ್ಮದು, ಇನ್ನೊಂದು ಯಾವ ಪೈಲ್ವಾನಂದು ಅಕ್ಕಾ?" ಎಂದು ಅವನು ಪ್ರತಿ ಸಲವೂ ಕೇಳುತ್ತಿದ್ದ, ಅವಳು ಪ್ರತಿ ಸಲವೂ ನಗುತ್ತಿದ್ದಳು. ಗಂಡ ಅನ್ನುವವನೊಬ್ಬ ಇದ್ದ. ಈಗಲೂ ಇದ್ದಾನೆ, ಬೇರೆ ಊರಿನಲ್ಲಿ, ಬೇರೆಯವಳಿಗೆ. ಮಕ್ಕಳಿಲ್ಲ. ಅವಳಿಗೆ ಅಂತ ಇದ್ದದ್ದು ಮೂರನೇ ಮಹಡಿಯಲ್ಲೊಂದು ಬಾಡಿಗೆ ಕೋಣೆ, ಒಂದು ಕಬ್ಬಿಣದ ಮಂಚ, ಮಂಚದ ಕೆಳಗೆ ಒಂದು ನಾಯಿ.

ಆ ನಾಯಿಯ ಸುದ್ದಿ ಈ ಜಗತ್ತಿನಲ್ಲಿ ಒಬ್ಬ ನರಪಿಳ್ಳೆಗೂ ಗೊತ್ತಿರಲಿಲ್ಲ. ಅದು ತನ್ನ ಜಾಣತನ ಎಂದು ಅವಳು ತಿಳಿದಿದ್ದಳು, ಪಾಪ.

ಗೊತ್ತಾಗಲು ಬಿಡುವಂತಿರಲಿಲ್ಲ, ಯಾಕೆಂದರೆ ಕೆಳಗೆ ಬೆಕ್ಕಪ್ಪ ಇದ್ದರು. ಮನೆ ಓನರಿಗೆ ಬಾಡಿಗೆಯವರು ಬೆನ್ನ ಹಿಂದೆ ಇಟ್ಟ ಹೆಸರು ಅದು. ರಬ್ಬರ್ ಚಪ್ಪಲಿ ಮೆಟ್ಟಿ ಸದ್ದಾಗದ ಹಾಗೆ ಮೆಟ್ಟಿಲು ಹತ್ತುವುದು, ಯಾರದ್ದಾದರೂ ಬಾಗಿಲ ಹೊರಗೆ ಉಸಿರು ಹಿಡಿದು ನಿಲ್ಲುವುದು, ಒಳಗಿನ ಜಗಳ, ಸರಸ, ಕೆಮ್ಮು ಎಲ್ಲವನ್ನೂ ಕೇಳಿಸಿಕೊಂಡು ಮಾರನೇ ದಿನ ಅದನ್ನೇ ಎತ್ತಿ ಆಡುವುದು ಅವರ ದಿನಚರಿ. "ನನ್ನ ಮನೆಯೊಳಗೆ ನನ್ನ ಅಪ್ಪಣೆ ಇಲ್ದೆ ಒಂದು ಇರುವೆ ಕೂಡ ಬರಲ್ಲ" ಎಂದು ಎದೆ ತಟ್ಟಿಕೊಳ್ಳುತ್ತಿದ್ದರು. ಎರಡನೇ ಮಹಡಿಯ ಗಂಡ ಹೆಂಡತಿ ಒಂದು ಮೊಲ ತಂದಿದ್ದಕ್ಕೆ ಅವರ ಪಾತ್ರೆ ಪಗಡ ಸಂಜೆಯೊಳಗೆ ಬೀದಿಯಲ್ಲಿತ್ತು. ಮೊಲ ಏನಾಯಿತು ಎಂದು ಯಾರೂ ಕೇಳಲಿಲ್ಲ.

ನಾಯಿ ಸಿಕ್ಕಿದ್ದು ಲಾಂಡ್ರಿಯ ಹಿಂದಿನ ಮೋರಿಯ ಪಕ್ಕ, ಅಂಗೈಯಗಲದ ಮರಿಯಾಗಿ. ಎರಡು ದಿನ ಇಟ್ಟುಕೊಂಡು ಎಲ್ಲಾದರೂ ಬಿಟ್ಟರಾಯಿತು ಅಂದುಕೊಂಡಳು. ಹಾಗೆ ಅಂದುಕೊಂಡೇ ಅಲ್ಲವೇ ಎಲ್ಲರೂ ಸಿಕ್ಕಿಬೀಳುವುದು. ಎಂಟು ವರ್ಷವಾಯಿತು. ಹೆಸರು ಕೂಸು. ಕಂದು ಬಣ್ಣ, ಯಾವ ಬೀದಿಗೆ ಹೋದರೂ ನಾಲ್ಕು ಸಿಗುವಂಥ ನಾಯಿ, ಮೈಮೇಲೆ ಒಂದು ಮಚ್ಚೆಯ ಗುರುತೂ ಇಲ್ಲ.

ಪ್ರೀತಿಯಿಂದ ಕಲಿಸಿದಳು ಎಂದರೆ ಸುಳ್ಳಾಗುತ್ತದೆ. ಮರಿ ಕುಂಯ್ ಅಂದಾಗೆಲ್ಲ ಮೂತಿಯನ್ನು ಒದ್ದೆ ಟವೆಲಿನಲ್ಲಿ ಬಿಗಿದು ಹಿಡಿದಳು, ಅದರ ಕಾಲು ಗಾಳಿಯಲ್ಲಿ ಒದ್ದಾಡುವ ತನಕ. ಬೊಗಳಿದ ದಿನ ಹಾಲಿಲ್ಲ. ಮೆಟ್ಟಿಲಲ್ಲಿ ಯಾರೇ ಬರಲಿ, ಅದು ಮಂಚದ ಕೆಳಗೆ ಗೋಡೆಗೆ ಅಂಟಿ ಮಲಗಬೇಕು. ಕತ್ತಲಲ್ಲಿ ಕಣ್ಣು ಹೊಳೆಯುತ್ತದಲ್ಲ, ಅದಕ್ಕೆ ಕಣ್ಣನ್ನೂ ಮುಚ್ಚಬೇಕು. ಬೆಕ್ಕಪ್ಪನವರು ಒಮ್ಮೊಮ್ಮೆ ಒಳಗೆ ಬಂದು, "ನಾಯಿ ವಾಸನೆ ಬರ್ತಿದೆಯಲ್ಲಮ್ಮ, ಎಲ್ಲಿ, ಕರಿ ನೋಡೋಣ" ಎಂದು ಪರೀಕ್ಷೆ ಮಾಡುತ್ತಿದ್ದರು. ಹಾಗಾಗಿ ಇನ್ನೊಂದು ಪಾಠ: ಪರರು ಇರುವಾಗ ಅಮ್ಮನೇ ಹೆಸರು ಹಿಡಿದು ಕರೆದರೂ ಬರಕೂಡದು. ಬಂದ ದಿನ ಇಸ್ತ್ರಿಯ ವೈರಿನ ಏಟು. ಬಾಗಿಲ ಆಚೆ ಸದ್ದಿಲ್ಲದೆ ನಿಂತವರಿದ್ದರೂ ಅದೇ ನಿಯಮ, ಬೆಕ್ಕಪ್ಪನವರ ಚಾಳಿ ಗೊತ್ತಿದ್ದದ್ದೇ. ಕೊನೆಕೊನೆಗೆ ಅವಳಿಗೆ ಕೇಳದ ಉಸಿರೂ ಕೂಸಿಗೆ ಕೇಳುತ್ತಿತ್ತು. ಹೊರಗೆ ನಿಂತವರು ಪೂರ್ತಿ ಇಳಿದು ಹೋಗಬೇಕು, ಅವಳು ಚಿಲಕ ಹಾಕಬೇಕು. ಆಮೇಲೆ ಮಂಚದ ಕಬ್ಬಿಣದ ಕಾಲಿಗೆ ಬಾಲ ಬಡಿಯುವ ಸದ್ದು. ಟಣ್, ಟಣ್, ಟಣ್. ದಿನವಿಡೀ ಇಸ್ತ್ರಿಯ ಹಬೆಯಲ್ಲಿ ಬೆಂದು ಬಂದವಳಿಗೆ ಆ ಸದ್ದಿಗಿಂತ ದೊಡ್ಡ ಸುಖ ಇರಲಿಲ್ಲ. ಅವಳೂ ನೆಲಕ್ಕೆ ಕೂತು ಅದರ ಕುತ್ತಿಗೆಗೆ ಮುಖ ಒತ್ತಿಕೊಳ್ಳುತ್ತಿದ್ದಳು.

ಹೊರಗೆ ಒಯ್ಯುವುದು ಗಂಟಿನಲ್ಲಿ. ಬಟ್ಟೆ ಕೆಲಸದವಳ ಹೆಗಲ ಮೇಲೆ ಬಟ್ಟೆಗಂಟು ಇದ್ದರೆ ಯಾರು ತಿರುಗಿ ನೋಡುತ್ತಾರೆ? ಬೆಳಿಗ್ಗೆ ಕೂಸನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಸುತ್ತ ನಾಲ್ಕು ಟವೆಲು ತುರುಕಿ, ಗಂಟು ಕಟ್ಟಿ ಇಳಿಯುವಳು. ಬೆಕ್ಕಪ್ಪನವರು ಕೆಳಗಿನ ಮೆಟ್ಟಿಲಲ್ಲಿ ನಿಂತಿರುತ್ತಿದ್ದರು. "ಏನಮ್ಮ ಇದರಲ್ಲಿ?" "ಬಟ್ಟೆ, ಸಾರ್." ಅವರು ಅಂಗೈಯಿಂದ ಗಂಟನ್ನು ಒಮ್ಮೆ ಒತ್ತಿ ನೋಡುವರು. ಗಂಟು ಅಲುಗುತ್ತಿರಲಿಲ್ಲ. "ಸರಿ, ಹೋಗು."

ಲಾಂಡ್ರಿಯಲ್ಲಿ ಆ ಗಂಟು ಇಸ್ತ್ರಿ ಮೇಜಿನ ಕೆಳಗಿರುತ್ತಿತ್ತು. ಲಾಂಡ್ರಿಯ ಯಜಮಾನನಿಗೆ ಎಲ್ಲರೂ ಲಾಂಡ್ರಿ ಅಣ್ಣ ಎನ್ನುತ್ತಿದ್ದರು. ಅವನೇ ಮಾಲೀಕ, ಅವನೇ ಡ್ರೈವರು. ಮಧ್ಯಾಹ್ನ ಅವನು ವ್ಯಾನು ತೆಗೆದುಕೊಂಡು ಲಾಡ್ಜುಗಳಿಗೆ ಹೋದ ಮೇಲೆ ಅವಳು ಗಂಟು ಬಿಚ್ಚಿ, ಕೂಸನ್ನು ಹಿಂದಿನ ಓಣಿಯಲ್ಲಿ ಅಡ್ಡಾಡಿಸುತ್ತಿದ್ದಳು. ಎದ್ದು ಕಾಣಬಾರದೆಂದು ಕೂಸಿನ ಗಂಟಿಗೂ ಲಾಡ್ಜಿನದೇ ನೀಲಿ ಅಂಚಿನ ಹಳೇ ಬೆಡ್‌ಶೀಟು. ಮುಳುವಾದದ್ದು ಅದೇ. ಒಂದು ದಿನ ಲಾಂಡ್ರಿ ಅಣ್ಣನಿಗೆ ಅವಸರ. ಅವಳು ಹಿತ್ತಲ ನಲ್ಲಿಯ ಹತ್ತಿರ ಹೋಗಿದ್ದಾಗ, ಕಣ್ಣಿಗೆ ಬಿದ್ದ ನೀಲಿ ಅಂಚಿನ ಗಂಟುಗಳನ್ನೆಲ್ಲ ಎತ್ತಿ ವ್ಯಾನಿಗೆ ಎಸೆದ. ಒಂದು ಭಾರವಿತ್ತು. ಒದ್ದೆ ಬಟ್ಟೆ ಸೇರಿಕೊಂಡಿದೆ ಅಂದುಕೊಂಡ. ಎಸೆದಾಗಲೂ ಕೂಸು ಕುಂಯ್ ಅನ್ನಲಿಲ್ಲ.

ಅವಳು ಬಂದು ನೋಡಿದರೆ ಮೇಜಿನ ಕೆಳಗೆ ಖಾಲಿ. ಗಂಟು ಹೇಗೋ ಬಿಚ್ಚಿಕೊಂಡು ಓಣಿಗೆ ಓಡಿದೆ ಎಂದು ಭಾವಿಸಿ ಓಣಿ ಓಣಿ ಹುಡುಕಿದಳು. ಬಾಯಿಬಿಟ್ಟು ಕರೆಯುವಂತಿಲ್ಲ, ಬೇರೆಯವರನ್ನು ಕೇಳುವಂತಿಲ್ಲ, ಕಳ್ಳತನದಲ್ಲಿ ಹೆತ್ತವರ ಪಾಡು ಅವಳದು. ಅತ್ತ ಲಾಡ್ಜಿನಲ್ಲಿ ಗಂಟು ಬಿಚ್ಚಿದ ಕೆಲಸದವನು ಕಿರುಚಿ ಮಂಚ ಹತ್ತಿದ್ದ. ಲಾಡ್ಜಿನವರು ನಾಯಿವ್ಯಾನಿಗೆ ಫೋನ್ ಮಾಡಿ ನಾಯಿಯನ್ನು ಹಿಡಿಸಿ, ಲಾಂಡ್ರಿ ಅಣ್ಣನಿಗೆ ಬಾಯಿಗೆ ಬಂದ ಹಾಗೆ ಬೈದರು. ಅವನು ಆ ಬೈಗುಳವನ್ನು ನುಂಗಿಕೊಂಡು ತೆಪ್ಪಗಿದ್ದ. ಪಕ್ಕದ ಮೇಜಿನಲ್ಲೇ ಇವಳು ದಿನವೂ ಕಣ್ಣೊರೆಸಿಕೊಂಡು ಇಸ್ತ್ರಿ ಮಾಡುತ್ತಿದ್ದಳು, ಅವನು ನೋಡುತ್ತಿದ್ದ, ಒಂದು ಮಾತು ಆಡಲಿಲ್ಲ. ಕಡೆಗೊಂದು ದಿನ ಸುಟ್ಟ ದಿಂಬಿನ ಚೀಲ ಕಂಡು ರೇಗಿ ಎಲ್ಲ ಕಕ್ಕಿದ. "ನಾಯಿ ತಂದು ನನ್ನ ಗಂಟಲ್ಲಿ ಕಟ್ಟಿದ್ದು ನೀನೇ ಅಂತ ಗೊತ್ತಿಲ್ವಾ ನಂಗೆ? ನಾಯಿದೊಡ್ಡಿಯಲ್ಲಿದೆ ಹೋಗು. ಆದ್ರೆ ನನ್ನ ಅಂಗಡಿ ಹೆಸರು ಎತ್ತಿದ್ರೆ ಮಾತ್ರ ನೀನುಂಟು ನಾನುಂಟು!"

ಅವಳು ಇಸ್ತ್ರಿಯ ವೈರು ಕಿತ್ತು, ಏಪ್ರನ್ನಿನಲ್ಲೇ ಓಡಿದಳು.

ನಾಯಿದೊಡ್ಡಿ ಊರಾಚೆ, ಕಸದ ಲಾರಿಗಳು ನಿಲ್ಲುವ ಬಯಲಿನ ಪಕ್ಕ. ತಗಡಿನ ದೊಡ್ಡ ಗೇಟು, ಒಳಗೆ ಸಾಲು ಪಂಜರ, ಫಿನಾಯಿಲಿನ ಘಾಟು. ಅಲ್ಲಿ ಇಬ್ಬರು. ನಾಯಿ ಹಿಡಿಯುವ ಬಲೆಯಣ್ಣ, ಕೈತುಂಬ ಕಚ್ಚಿದ ಗಾಯದ ಕಲೆ, ಮಾತಿಗೊಂದು ನಗೆಚಾಟಿಕೆ. ಮತ್ತು ದೊಡ್ಡಿಯ ಡಾಕ್ಟರ್ ಮೇಡಂ, ಎಂದೂ ದನಿ ಏರಿಸದವರು.

"ಲಾಡ್ಜಿನ ನಾಯಿನಾ? ಬನ್ನಿ ಅಕ್ಕ," ಎಂದು ಬಲೆಯಣ್ಣ ಕೊನೆಯ ಪಂಜರಕ್ಕೆ ಕರೆದೊಯ್ದ. ಹಲಗೆಯ ಕೆಳಗೆ, ಹಿಂದಿನ ತಗಡಿಗೆ ಅಂಟಿ ಕೂಸು ಮಲಗಿತ್ತು. ಎಲುಬು ಎದ್ದು ಕಾಣುತ್ತಿತ್ತು. ಅದು ಅವಳನ್ನು ನೋಡಿತು. ಆಮೇಲೆ ಕಲಿಸಿದ ಹಾಗೆ ಕಣ್ಣು ಮುಚ್ಚಿಕೊಂಡಿತು.

"ಅದೇ! ನನ್ನ ಕೂಸು, ಮೇಡಂ!"

"ಎಲ್ಲರೂ ಹಾಗೇ ಹೇಳೋದಮ್ಮ," ಅಂದರು ಮೇಡಂ. "ಹೋದ ವರ್ಷ ಒಬ್ಬ ಹೀಗೇ ಅತ್ತು ಕರೆದು ನಾಯಿ ಒಯ್ದ. ಕಾದಾಟಕ್ಕೆ ಬಿಟ್ಟು ಸಾಯಿಸಿದ. ಆವತ್ತಿಂದ ಇಲ್ಲಿ ಒಂದೇ ನಿಯಮ. ನಮ್ಮ ಕಣ್ಣೆದುರಿಗೆ ಕರೀಬೇಕು, ನಾಯಿ ಎದ್ದು ಬರಬೇಕು. ಬಂದ್ರೆ ಈಗಲೇ ಬೀಗ ತೆಗೀತೀನಿ. ಕರೀರಿ."

ಅವಳು ಕರೆದಳು. "ಕೂಸೇ. ಬಾರೋ ಕೂಸೇ. ಅಮ್ಮ ಬಂದಿದೀನಿ ನೋಡು." ಅಕ್ಕಪಕ್ಕದ ಪಂಜರದ ನಾಯಿಗಳೆಲ್ಲ ಎದ್ದು ಬಂದವು, ಬಾಲ ಆಡಿಸಿದವು. ಕೂಸು ಮಾತ್ರ ಅಲುಗಲಿಲ್ಲ. ಅವಳು ಕಂಬಿಯೊಳಗೆ ಕೈ ಚಾಚಿದಳು, ಅತ್ತಳು, ಗದರಿದಳು. ಅದು ಇನ್ನಷ್ಟು ತಗಡಿಗೆ ಒತ್ತಿಕೊಂಡಿತು.

"ನೀವಿದೀರಲ್ಲ ಮೇಡಂ, ಅದಕ್ಕೆ ಬರ್ತಿಲ್ಲ. ಜನ ಇದ್ರೆ ಬರಬಾರದು ಅಂತ ನಾನೇ ಕಲಿಸಿದೀನಿ. ಒಂದು ಗಳಿಗೆ ನೀವಿಬ್ಬರೂ ಆ ಕಡೆ ಹೋಗಿ."

ಮೇಡಂ ಹೋದರು, ಅದನ್ನು ಹೇಳಲೇಬೇಕು. ಬಲೆಯಣ್ಣನನ್ನೂ ಕರೆದುಕೊಂಡು ಕಚೇರಿ ಕೋಣೆಯ ಬಾಗಿಲ ಹಿಂದೆ ನಿಂತು ಸಂದಿಯಲ್ಲಿ ಇಣುಕಿದರು. ಕೂಸಿನ ಕಿವಿ ಒಮ್ಮೆ ಬಾಗಿಲ ಕಡೆ ತಿರುಗಿತು, ಅಷ್ಟೇ. ಬಾಗಿಲ ಹಿಂದೆ ಉಸಿರು ಹಿಡಿದು ನಿಂತವರ ಪಾಠವನ್ನು ಅದು ಎಂಟು ವರ್ಷ ಓದಿತ್ತು.

"ಇನ್ನೂ ದೂರ ಹೋಗಿ ಮೇಡಂ, ಗೇಟಿನಾಚೆ—"

"ನಾವು ನೋಡದೇ ಹೋದ್ರೆ ಸಾಕ್ಷಿ ಯಾರಮ್ಮ?" ಮೇಡಂ ತಾಳ್ಮೆಯಿಂದಲೇ ಹೇಳಿದರು. "ನೋಡಿ, ಇದು ಬಂದಾಗಿಂದ ಹೀಗೇ ಬಿದ್ದಿದೆ. ಜನರ ಕಡೆ ಮುಖ ಮಾಡಲ್ಲ. ಇಂಥ ನಾಯಿನ ಯಾರೂ ಒಯ್ಯಲ್ಲ, ನಮ್ಮಲ್ಲಿ ಜಾಗ ಇಲ್ಲ. ನಾಳೆ ಬೆಳಿಗ್ಗೆ ಸೂಜಿ ಚುಚ್ಚಿ ಮುಗಿಸೋದು ಅಂತ ಆಗಿದೆ. ಫೋಟೋ ಇದೆಯಾ? ಲಸಿಕೆ ಚೀಟಿ? ಹೋಗಲಿ, ಈ ನಾಯಿ ನಿಮ್ಮದು ಅಂತ ಹೇಳೋ ಒಬ್ಬ ಮನುಷ್ಯ?"

ಒಂದೂ ಇರಲಿಲ್ಲ. ಸಿಕ್ಕಿಬಿದ್ದೀತೆಂದು ಅವಳು ಒಂದು ಫೋಟೋ ಕೂಡ ತೆಗೆದಿರಲಿಲ್ಲ. ಮೇಡಂ ಲಾಂಡ್ರಿಗೆ ಫೋನ್ ಹಚ್ಚಿದರು. "ನಾಯಿನಾ? ನಮ್ಮ ಗಂಟಿನಲ್ಲಾ?" ಲಾಂಡ್ರಿ ಅಣ್ಣನ ದನಿ ಎಲ್ಲರಿಗೂ ಕೇಳಿತು. "ಆ ಹೆಂಗಸಿಗೆ ತಲೆ ಸರಿಯಿಲ್ಲ ಮೇಡಂ. ಇವತ್ತೇ ಕೆಲಸದಿಂದ ತೆಗೆದಿದೀನಿ."

ಉಳಿದದ್ದು ಒಬ್ಬರೇ. ಅವಳು ಮನೆಗೆ ಓಡಿ ಬಂದು ಬೆಕ್ಕಪ್ಪನವರ ಬಾಗಿಲು ಬಡಿದು ಎಲ್ಲವನ್ನೂ ಹೇಳಿಬಿಟ್ಟಳು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎನ್ನುತ್ತಾರೆ. ಅವರು ಒದೆಯಲಿಲ್ಲ. ಕುರ್ಚಿಯಲ್ಲಿ ಕೂತು ಒಂದೊಂದೇ ಕೇಳಿದರು. ಎಲ್ಲಿ ಮಲಗುತ್ತಿತ್ತು? ಹೊರಗೆ ಹೇಗೆ ಒಯ್ಯುತ್ತಿದ್ದೆ? ಗಂಟಿನಲ್ಲಾ? ನಾನು ಒತ್ತಿ ನೋಡ್ತಿದ್ದ ಗಂಟಿನಲ್ಲಾ? ಅವರ ಕಿವಿಯ ತುದಿ ಕೆಂಪಾಗುತ್ತ ಬಂತು. "ನಾಳೆ ಸಂಜೆಯೊಳಗೆ ಖಾಲಿ ಮಾಡು," ಅಂದರು.

"ಮಾಡ್ತೀನಿ ಸಾರ್. ಈಗಲೇ ಬೇಕಾದ್ರೂ ಮಾಡ್ತೀನಿ. ಒಂದೇ ಒಂದು ಸಲ ಬಂದು, ಇವಳು ನಾಯಿ ಸಾಕಿದ್ದಳು ಅಂತ ಹೇಳಿಬಿಡಿ. ನಿಮ್ಮ ಕಾಲು ಹಿಡೀತೀನಿ." ನಿಜವಾಗಿಯೂ ಹಿಡಿದಳು, ಆ ರಬ್ಬರ್ ಚಪ್ಪಲಿಯ ಕಾಲನ್ನು.

ಅವರು ಬಂದರು. ಕೋಪವಿದ್ದರೂ ಬಂದರು, ನಿಜ ಹೇಳಬೇಕೆಂದೇ ಬಂದರು ಎಂದು ನನಗೆ ಅನ್ನಿಸುತ್ತದೆ. ಅವಳೇ ಇಸ್ತ್ರಿ ಮಾಡಿಕೊಟ್ಟಿದ್ದ ಬಿಳಿ ಶರ್ಟು ತೊಟ್ಟು ದೊಡ್ಡಿಯ ಕಚೇರಿಯಲ್ಲಿ ಗಂಭೀರವಾಗಿ ನಿಂತರು. ಮೇಡಂ ಕೇಳಿದರು, "ಹೇಳಿ ಸಾರ್, ಇವರು ನಿಮ್ಮ ಮನೆಯಲ್ಲಿ ನಾಯಿ ಸಾಕಿದ್ರಾ?"

ಬೆಕ್ಕಪ್ಪ ಗಂಟಲು ಸರಿ ಮಾಡಿಕೊಂಡರು. ಬಲೆಯಣ್ಣ ಒಳ್ಳೆಯವನು, ಅಕ್ಕನ ಕೆಲಸ ಆಗುತ್ತದೆ ಎಂಬ ಖುಷಿಯಲ್ಲಿ, ಅವಳಿಂದಲೇ ಕೇಳಿದ್ದನ್ನು ಎತ್ತಿ ಬಾಯಿ ಹಾಕಿದ: "ಎಂಟು ವರ್ಷ ಅಂತೆ ಮೇಡಂ! ದಿನಾ ಓನರ್ ಮೂಗಿನ ಕೆಳಗೇ ಗಂಟಲ್ಲಿ ಹಾಕ್ಕೊಂಡು ಓಡಾಡಿದಾರೆ. ಇವರು ಕೈಯಲ್ಲಿ ಒತ್ತಿ ನೋಡಿನೂ ಗೊತ್ತಾಗಿಲ್ಲ!" ಎಂದು ತೊಡೆ ತಟ್ಟಿಕೊಂಡು ನಕ್ಕ. ಎಂದೂ ನಗದ ಮೇಡಂ ಕೂಡ ತುಟಿ ಅಂಚಿನಲ್ಲಿ ನಕ್ಕರು.

ಆ ನಗು ಒಂದು ಇಲ್ಲದಿದ್ದರೆ!

"ಯಾವ ನಾಯಿ?" ಅಂದರು ಬೆಕ್ಕಪ್ಪ. "ನನ್ನ ಮನೆಯಲ್ಲಿ ನನಗೆ ಗೊತ್ತಿಲ್ದೆ ಇರುವೆ ಕೂಡ ಇರಲ್ಲ. ಯಾವ ನಾಯಿನೂ ಇರಲಿಲ್ಲ."

"ಸಾರ್!" ಎಂದಳು ಅವಳು.

"ಹಾಗಾದ್ರೆ ಹೊಸ ನಾಯಿ ಅಂತಲೇ ಇವರು ಒಯ್ಯಬಹುದು," ಅಂದರು ಮೇಡಂ. ಅವರಿಗೂ ಅಷ್ಟರಲ್ಲಿ ಕನಿಕರ ಬಂದಿತ್ತು. "ಮನೆ ಓನರ್ ಒಪ್ಪಿದ್ರೆ ಸಾಕು. ನಿಮ್ಮ ಒಪ್ಪಿಗೆ ಇದೆಯಾ ಸಾರ್?"

"ನಮ್ಮಲ್ಲಿ ಪ್ರಾಣಿಗಳಿಗೆ ಜಾಗ ಇಲ್ಲ. ಈ ಹೆಂಗಸಿಗೂ ನಾಳೆಯಿಂದ ಇಲ್ಲ." ಅವರು ಶರ್ಟಿನ ತೋಳು ಎಳೆದುಕೊಂಡು ಹೊರಟುಹೋದರು. ಇಲ್ಲದ ನಾಯಿಗಾಗಿ ಅವಳನ್ನು ಮನೆಯಿಂದ ಹೊರಗೆ ಹಾಕಿದ ಹಾಗಾಯಿತು. ಇದನ್ನು ನ್ಯಾಯ ಎನ್ನುವುದೋ, ಏನೆನ್ನುವುದೋ, ನೀವೇ ಹೇಳಿ.

ಕಚೇರಿ ಮುಚ್ಚುವ ಹೊತ್ತು. ಮೇಡಂ ಸ್ಕೂಟರ್ ಹತ್ತಿ ಹೋದರು. ಬಲೆಯಣ್ಣ ಅವಳನ್ನು ತೋಳು ಹಿಡಿದು ಮೆಲ್ಲಗೆ ಹೊರಗೆ ಬಿಟ್ಟು, ತಗಡಿನ ಗೇಟಿಗೆ ಚಿಲಕ ಹಾಕಿ, ಆಚೆ ತುದಿಯ ತನ್ನ ಗೂಡಿಗೆ ಹೋದ. ಅವನ ಹೆಜ್ಜೆ ಸದ್ದು ಕರಗಿತು. ಅವಳು ಗೇಟಿಗೆ ಒರಗಿ ಕೂತಿದ್ದಳು.

ಒಳಗೆ, ತಗಡಿಗೆ ಬಾಲ ಬಡಿಯತೊಡಗಿತು. ಟಣ್, ಟಣ್, ಟಣ್.

ಚಿಲಕ ಬಿತ್ತಲ್ಲ. ಪರರು ಹೋದರಲ್ಲ. ಗೇಟಿನಾಚೆ ಅಮ್ಮನ ವಾಸನೆ ಇತ್ತು. ಇಷ್ಟು ದಿನ ಕಣ್ಣು ಮುಚ್ಚಿ ಮಲಗಿದ್ದಕ್ಕೆ ಈಗ ಮುದ್ದು ಸಿಗಬೇಕಿತ್ತು.

"ಅಣ್ಣಾ! ಬಲೆಯಣ್ಣಾ! ಬಾ ಅಣ್ಣಾ, ಕೇಳು ಬಾ, ಎದ್ದಿದೆ, ನನ್ನನ್ನು ಕರೀತಿದೆ!" ಗೇಟು ಬಡಿದು ಕೂಗಿದಳು. ಅವನು ಓಡಿಯೇ ಬಂದ. ಅವನ ಹೆಜ್ಜೆ ಹತ್ತಿರವಾದ ಕೂಡಲೇ ಬಾಲ ನಿಂತಿತು. ಅವನು ಪಂಜರಕ್ಕೆ ಟಾರ್ಚ್ ಬಿಟ್ಟು ನೋಡಿದ, ಕೂಸು ಹಲಗೆಯ ಕೆಳಗೆ ಕಣ್ಣು ಮುಚ್ಚಿ ಮಲಗಿತ್ತು. "ಏನೂ ಇಲ್ಲ ಅಕ್ಕ. ಮನೆಗೆ ಹೋಗಿ," ಅಂದ. ಅವನು ಹೋದ. ಮತ್ತೆ ಟಣ್, ಟಣ್. ಮತ್ತೆ ಕೂಗಿದಳು, ಅವನು ಮತ್ತೆ ಬಂದ, ಅದು ಮತ್ತೆ ನಿಂತಿತು. ಮೂರನೇ ಸಲ ಅವನು ಬರಲಿಲ್ಲ. "ಸುಮ್ಮನಿರಕ್ಕ, ನನ್ನ ಕೆಲಸ ಕಳೀತೀಯ!" ಎಂದು ಗೂಡಿನಿಂದಲೇ ಗದರಿದ. ಆಮೇಲೆ ಅವಳು ಕೂಗಲಿಲ್ಲ. ತಗಡಿಗೆ ಕಿವಿ ಹಚ್ಚಿ, ಒಳಗಿನ ಸದ್ದಿಗೆ ತನ್ನ ಬೆರಳಿನಿಂದ ಮೆಲ್ಲಗೆ ತಾಳ ಹಾಕುತ್ತ ಕೂತಳು.

ಬೆಳಿಗ್ಗೆ ಅವಳನ್ನು ಒಳಗೆ ಬಿಡಲಿಲ್ಲ. ಮೇಡಂ ಬಂದರು, ಕೈಚೀಲ ಹಿಡಿದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಬಲೆಯಣ್ಣ ಗೇಟು ತೆರೆದು ಹೊರಗೆ ಬಂದು ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತ. ಅವನ ಮುಖದಲ್ಲಿ ನಗು ಇರಲಿಲ್ಲ.

"ಎಷ್ಟು ನಾಯಿ ನೋಡಿದೀನಿ ಅಕ್ಕ. ಎಲ್ಲಾ ಒದ್ದಾಡ್ತವೆ, ಕಚ್ಚಕ್ಕೆ ಬರ್ತವೆ. ನಾಲ್ಕು ಜನ ಹಿಡೀಬೇಕು. ಇದು ಸೂಜಿ ಚುಚ್ಚಿದ್ರೂ ಅಲುಗಾಡಲಿಲ್ಲ. ಕುಂಯ್ ಅನ್ನಲಿಲ್ಲ. ಕಣ್ಣು ಮುಚ್ಚಿಕೊಂಡು ಹಾಗೇ ಮಲಗಿತ್ತು. ಇಂಥ ಒಳ್ಳೆ ನಾಯಿನ ನಾನು ನೋಡೇ ಇಲ್ಲ. ಯಾರು ಕಲಿಸಿದ್ರೋ."

"ನಾನೇ," ಅಂದಳು.

ಅವನು ಅವಳ ಮುಖವನ್ನೇ ನೋಡಿದ. ಆಗ ಅವನಿಗೆ ಪೂರ್ತಿ ನಂಬಿಕೆ ಬಂತು. "ಅಯ್ಯೋ ಅಕ್ಕ," ಅಂದ. ಆಮೇಲೆ ಗೇಟಿನ ಕಡೆ ಕೈ ತೋರಿಸಿ, "ಬೇಕಾದ್ರೆ ಒಯ್ಯಿರಿ. ಸತ್ತಿದ್ದಕ್ಕೆ ಸಾಕ್ಷಿ ಕೇಳಲ್ಲ," ಅಂದ.

ಲಾಡ್ಜಿನಿಂದ ಕೂಸಿನ ಜೊತೆಗೇ ಬಂದಿದ್ದ ನೀಲಿ ಅಂಚಿನ ಬೆಡ್‌ಶೀಟು ಪಂಜರದಲ್ಲೇ ಇತ್ತು. ಅವಳು ಅದರಲ್ಲೇ ಸುತ್ತಿ, ರೂಢಿಯಂತೆ ಗಂಟು ಕಟ್ಟಿ ಬಲ ಹೆಗಲಿಗೆ ಏರಿಸಿಕೊಂಡಳು. ಮಣ್ಣು ಮಾಡಲು ತನ್ನದೆಂಬ ಒಂದು ಗೇಣು ನೆಲ ಎಲ್ಲಿದೆ? ಸಂಜೆಯವರೆಗೆ ಇರುವ ಕೋಣೆಗೇ ಹೊರಟಳು.

ಬೆಕ್ಕಪ್ಪ ಕೆಳಗಿನ ಮೆಟ್ಟಿಲಲ್ಲಿ ನಿಂತಿದ್ದರು. ಈ ಸಲ ಮೋಸ ಹೋಗಬಾರದೆಂದು ಕಣ್ಣು ಕಿರಿದು ಮಾಡಿಕೊಂಡು ಕೇಳಿದರು, "ಏನಮ್ಮ ಅದರಲ್ಲಿ?"

"ಬಟ್ಟೆ, ಸಾರ್."

ಅವರು ಗಂಟನ್ನು ಅಂಗೈಯಿಂದ ಒತ್ತಿದರು. ಇನ್ನೊಂದು ಕಡೆಯೂ ಒತ್ತಿದರು, ಬೆರಳು ನೆಟ್ಟು ತಿವಿದರು, ಬಾಗಿ ಕಿವಿ ಹಚ್ಚಿ ಕೇಳಿದರು. ಗಂಟು ಅಲುಗಲಿಲ್ಲ.

"ಸರಿ, ಹೋಗು."

ಅವಳು ಮೂರು ಮಹಡಿ ಹತ್ತಿ ಒಳಗೆ ಹೋಗಿ, ಗಂಟು ಬಿಚ್ಚಿ ಕೂಸನ್ನು ಮಂಚದ ಕೆಳಗೆ ಅದರ ಜಾಗದಲ್ಲಿ ಮಲಗಿಸಿದಳು. ಬೆಕ್ಕಪ್ಪನವರು ಪೂರ್ತಿ ಇಳಿದು ಹೋಗುವವರೆಗೆ ಕಾದಳು. ಆಮೇಲೆ ಚಿಲಕ ಹಾಕಿ, ನೆಲದ ಮೇಲೆ ಕೂತು, ಮಂಚದ ಕಾಲಿನ ಕಡೆಗೆ ಕಿವಿ ಕೊಟ್ಟಳು.